ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ

ಇಂದಿನ ಮಕ್ಕಳ ಬಾಯಲ್ಲಿ ಗೂಗಲ್ ಎಂದರೆ ಬೆರಳು ಮುಟ್ಟಿದೊಡನೆ ಬೇಕಾದುದನ್ನೆಲ್ಲ ತಂದು ತೋರಿಸುವ ಶೋಧಯಂತ್ರ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಸೀಮೆಯ ಹಿರಿಯರಿಗೆ ಗೂಗಲ್ ಎಂದರೆ ಕೃಷ್ಣಾ ನದಿಯ ದಂಡೆಯ ಮೇಲಿನ ಒಂದು ಊರು; ಅಲ್ಲಮಪ್ರಭುವಿನ ಹೆಸರಿನೊಂದಿಗೆ ಜನ ನೆನೆದುಕೊಳ್ಳುವ ಊರು. ಹೆಸರು ಒಂದೇ ಆದರೂ ಎರಡರ ಲೋಕಗಳು ಬೇರೆ. ಒಂದು ತೋರಿಸುವ ಲೋಕ, ಇನ್ನೊಂದು ಕಿವಿಯಿಂದ ಕಿವಿಗೆ ದಾಟಿ ಬಂದ ಲೋಕ.

ಈ ಸೀಮೆಯ ಜನರಿಗೆ ಶತಮಾನಗಳ ಕಾಲ ಕಿವಿಯೇ ವಿದ್ಯಾಲಯವಾಗಿತ್ತು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಇವರ ಹಾಡುಗಳನ್ನು ಪುಸ್ತಕ ಕೊಂಡು ಓದಿದವರು ಕೆಲವರು, ಕೇಳಿ ಕಲಿತವರು ಅಸಂಖ್ಯ. ತತ್ವಪದ, ವಚನ, ಬಯಲಾಟದ ಮಾತು, ಮೊಹರಂ ಹಬ್ಬದ ಪದ ಇವೆಲ್ಲವೂ ಅಕ್ಷರ ಬಾರದ ಕೂಲಿಕಾರನ ನಾಲಿಗೆಯ ಮೇಲೆ ಉಳಿದು ಬಂದದ್ದು ಆತನ ಕಿವಿ ಪಳಗಿದ್ದುದರಿಂದ. ಇಂಥ ನೆಲದ ಮಗು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತು, ಶಿಕ್ಷಕರು ಹೇಳಿದ ಎರಡು ವಾಕ್ಯಗಳ ಸೂಚನೆಯನ್ನು ಗ್ರಹಿಸಲಾರದೆ ಪಕ್ಕದವನ ನೋಟುಪುಸ್ತಕವನ್ನು ಇಣುಕಿ ನೋಡುವುದಾದರೆ, ದೋಷ ಎಲ್ಲಿದೆ?

ದೋಷ ಮಗುವಿನಲ್ಲಿಲ್ಲ. ಆಲಿಸುವುದನ್ನು ನಾವು ಕಲಿಸುತ್ತಿಲ್ಲ. ಕಲಿಸಲೆಂದು ತಂದ ಯಂತ್ರಗಳನ್ನೂ ತೋರಿಕೆಯ ವಸ್ತುಗಳನ್ನಾಗಿ ಮಾಡಿಕೊಂಡಿದ್ದೇವೆ. ಶ್ರವ್ಯ-ದೃಶ್ಯ ಮಾಧ್ಯಮದ ಹೆಸರಿನಲ್ಲಿ ನಮ್ಮ ಶಾಲೆಗಳಿಗೆ ಬರುತ್ತಿರುವುದರಲ್ಲಿ ದೃಶ್ಯವಿದೆ, ಶ್ರವ್ಯವಿಲ್ಲ. ಈ ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾದ ಕಾಲ ಬಂದಿದೆ.

ಕೇಳುವುದು ಎಂದರೇನು?

ಕನ್ನಡದ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ. ಈ ಒಂದು ಪದದಲ್ಲಿ ಆಲಿಸುವಿಕೆಯ ಇಡೀ ಶಾಸ್ತ್ರ ಅಡಗಿದೆ. ಸದ್ದು ಕಿವಿಗೆ ಬಿದ್ದರೆ ಆಲಿಸಿದಂತಾಗಲಿಲ್ಲ. ಮಾತಿನ ಹರಿವಿನಲ್ಲಿ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ಗುರುತಿಸಬೇಕು. ವಾಕ್ಯ ಮುಗಿಯುವವರೆಗೆ ಅದರ ಆರಂಭವನ್ನು ನೆನಪಿನಲ್ಲಿ ಹಿಡಿದಿರಬೇಕು. ತಾನು ಬಲ್ಲ ಸಂಗತಿಗಳೊಡನೆ ಅದನ್ನು ಜೋಡಿಸಬೇಕು. ಮುಂದೇನು ಬರಬಹುದೆಂದು ಊಹಿಸಬೇಕು. ಊಹೆ ತಪ್ಪಿದರೆ ತಿದ್ದಿಕೊಳ್ಳಬೇಕು. ಓದುವವನು ಹಿಂದಿನ ಸಾಲಿಗೆ ಮರಳಬಹುದು. ಆಲಿಸುವವನಿಗೆ ಆ ಸೌಕರ್ಯವಿಲ್ಲ, ಮಾತು ಹೊಳೆಯ ನೀರಿನಂತೆ ಹರಿದುಹೋಗುತ್ತದೆ. ಆದುದರಿಂದ ಆಲಿಸುವಿಕೆಯು ಓದುವುದಕ್ಕಿಂತ ಸುಲಭವೆಂಬುದು ಭ್ರಮೆ.

ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಹೊರೆ ಇಮ್ಮಡಿ. ಮನೆಯಲ್ಲಿ 'ಏನ್ ಮಾಡಾಕತ್ತೀರಿ' ಎಂಬ ಮಾತು. ಪಠ್ಯಪುಸ್ತಕದಲ್ಲಿ 'ಏನು ಮಾಡುತ್ತಿದ್ದೀರಿ' ಎಂಬ ಮಾತು. ಕೆಲವು ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಇದರ ಮೇಲೆ 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ದೇವದುರ್ಗವನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿತು. ಇಂಥಲ್ಲಿ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳು ಅನೇಕರು. ಅಂಥ ಮಗುವಿಗೆ ಗಣಿತವೂ ವಿಜ್ಞಾನವೂ ಮೊದಲು ತಲುಪುವುದು ಶಿಕ್ಷಕರ ಧ್ವನಿಯ ಮೂಲಕ. ಆ ಧ್ವನಿ ಅರ್ಥವಾಗದಿದ್ದರೆ ಯಾವ ವಿಷಯವೂ ಅರ್ಥವಾಗದು. ಅರ್ಥವಾಗದ ತರಗತಿಯಲ್ಲಿ ಎಷ್ಟು ದಿನ ಕುಳಿತಾನು? ಹತ್ತಿ ಬಿಡಿಸುವ ಹೊಲ ಅವನನ್ನು ಕರೆಯುತ್ತಲೇ ಇರುತ್ತದೆ.

ರಾಯಚೂರು ಕಂಡ ಮೊದಲ ಪರದೆ

ಪರದೆಯ ಮೂಲಕ ಪಾಠ ಎಂಬುದು ನಮಗೆ ನಿನ್ನೆ ಮೊನ್ನೆಯ ಸಂಗತಿಯಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ಅಮೆರಿಕದ ನಾಸಾ ಸಂಸ್ಥೆಗಳು ಕೂಡಿ ಉಪಗ್ರಹ ದೂರದರ್ಶನದ ಬೋಧನಾ ಪ್ರಯೋಗವೊಂದನ್ನು ನಡೆಸಿದವು. 'ಸೈಟ್' ಎಂದು ಹೆಸರಾದ ಆ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಿಂದ ಆಯ್ಕೆಯಾದುವು ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನಾವು ಎಟಿಎಸ್-6 ಎಂಬ ಉಪಗ್ರಹದಿಂದ ನೇರವಾಗಿ ಚಿತ್ರವನ್ನೂ ಧ್ವನಿಯನ್ನೂ ಇಳಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ದೊಡ್ಡ ದೊಡ್ಡ ಪಟ್ಟಣಗಳೇ ದೂರದರ್ಶನ ಕಾಣದಿದ್ದ ದಿನಗಳಲ್ಲಿ ಈ ಬಿಸಿಲು ನಾಡಿನ ಹಳ್ಳಿಯ ಮಕ್ಕಳು ಅದರ ಮುಂದೆ ಕುಳಿತಿದ್ದರು.

ಆ ಪ್ರಯೋಗದ ಎರಡು ಸಂಗತಿಗಳನ್ನು ನಾವು ಮರೆಯಬಾರದಾಗಿತ್ತು. ಒಂದು, ಮಕ್ಕಳ ಮೇಲಾದ ಪರಿಣಾಮವನ್ನು ಪರಿಶೀಲಿಸಿದವರಿಗೆ ಕಂಡ ಒಳಿತುಗಳಲ್ಲಿ ಮುಖ್ಯವಾದುದು ಭಾಷೆಯ ಬೆಳವಣಿಗೆ. ಎಂದರೆ ಸರಿಯಾಗಿ ಬಳಸಿದ ಪರದೆ ಕಿವಿಗೂ ನಾಲಿಗೆಗೂ ಉಣಿಸಬಲ್ಲದು. ಎರಡು, ಅದೇ ಅವಧಿಯಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. ಆ ತರಬೇತಿಯಲ್ಲಿ ದೂರದರ್ಶನ ಒಂದು ಅಂಗ ಮಾತ್ರ. ಅದರೊಂದಿಗೆ ರೇಡಿಯೊ, ಮುದ್ರಿತ ಪಾಠ, ಕೈಯಿಂದ ಮಾಡುವ ಚಟುವಟಿಕೆ, ಕೂತು ಚರ್ಚಿಸುವ ಹೊತ್ತು ಎಲ್ಲವೂ ಇದ್ದವು. ಯಂತ್ರವನ್ನು ನಡೆಸುವ ಮನುಷ್ಯನನ್ನು ಸಿದ್ಧಗೊಳಿಸದೆ ಯಂತ್ರದಿಂದ ಫಲವಿಲ್ಲ ಎಂಬ ಅರಿವು ಆಗಲೇ ಇತ್ತು.

ಆಮೇಲೆ ನಡೆದುದೇನು? 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನದ ಪ್ರಸಾರ ಕೇಂದ್ರ ಬಂದಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಅದರ ಪಾಠಗಳಿಗೆ ತೆರೆದುಕೊಂಡವು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತು. ಬಳಿಕ ಕಂಪ್ಯೂಟರ್, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು. ಪ್ರತಿಯೊಂದು ಯಂತ್ರ ಬಂದಾಗಲೂ ಉದ್ಘಾಟನೆ, ಭಾಷಣ, ಭಾವಚಿತ್ರ. ಎಷ್ಟು ಶಾಲೆಗಳಿಗೆ ಎಷ್ಟು ಪೆಟ್ಟಿಗೆಗಳು ತಲುಪಿದವೆಂಬ ಲೆಕ್ಕ ಕಡತದಲ್ಲಿ ಸಿಗುತ್ತದೆ. ಎಷ್ಟು ಮಕ್ಕಳು ಮೊದಲಿಗಿಂತ ಚೆನ್ನಾಗಿ ಆಲಿಸಬಲ್ಲವರಾದರು ಎಂಬ ಲೆಕ್ಕವನ್ನು ಕೇಳುವವರು ಯಾರು?

ಪರದೆ ಎಡವುವುದು ಎಲ್ಲಿ?

ನಮ್ಮನ್ನು ಯಂತ್ರದ ವೈರಿಗಳೆಂದು ಯಾರೂ ತಿಳಿಯಬಾರದು. ಪರದೆಗೆ ತನ್ನದೇ ಆದ ಸ್ಥಾನವಿದೆ. ಹೃದಯದ ಬಡಿತವನ್ನೋ ಸಮುದ್ರದ ಅಲೆಯನ್ನೋ ಕಾಣದ ಮಗುವಿಗೆ ಅದು ತೋರಿಸುವುದನ್ನು ಶಿಕ್ಷಕರ ಸೀಮೆಸುಣ್ಣ ತೋರಿಸಲಾರದು. ಆದರೆ ಆಲಿಸಿ ಗ್ರಹಿಸುವ ಶಕ್ತಿಯನ್ನು ಬೆಳೆಸುವ ವಿಷಯಕ್ಕೆ ಬಂದರೆ, ಪರದೆ ಇಂದು ಬಳಕೆಯಾಗುತ್ತಿರುವ ರೀತಿಯೇ ಅದಕ್ಕೆ ಅಡ್ಡಿ.

ಮೊದಲನೆಯದಾಗಿ, ಚಿತ್ರವೇ ಎಲ್ಲವನ್ನೂ ಹೇಳಿಬಿಟ್ಟರೆ ಕಿವಿಗೆ ಕೆಲಸವಿಲ್ಲ. ನರಿಯು ದ್ರಾಕ್ಷಿಗೆ ಹಾರುವುದನ್ನು ಬಣ್ಣಬಣ್ಣವಾಗಿ ಕಂಡ ಮಗುವಿಗೆ ಕಥೆ ತಿಳಿಯಲು ಒಂದು ಪದವೂ ಬೇಕಿಲ್ಲ. ಧ್ವನಿಯನ್ನು ನಿಲ್ಲಿಸಿದರೂ ಅದು ಅಷ್ಟೇ ಸಂತೋಷದಿಂದ ನೋಡೀತು. ಹಾಗೆ ನೋಡಬಲ್ಲ ಪಾಠ ಆಲಿಸುವಿಕೆಯ ಪಾಠವಲ್ಲ.

ಎರಡನೆಯದಾಗಿ, ಧ್ವನಿಯ ಗತಿ. ಗೋಡೆಗೆ ಗೋಡೆ ಮಾರ್ದನಿಸುವ ಕೋಣೆ, ತಗಡಿನ ಛಾವಣಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಲಾಗದ ಫ್ಯಾನಿನ ಸದ್ದು, ಹೊರಗೆ ಟ್ರ್ಯಾಕ್ಟರ್. ಇದರ ನಡುವೆ ಪರದೆಯೊಳಗಿನ ಪುಟ್ಟ ಸ್ಪೀಕರು ಮುಂದಿನ ಎರಡು ಸಾಲುಗಳಿಗೆ ಕೇಳಿಸಿದರೆ ಹೆಚ್ಚು. ಹಿಂದಿನ ಬೆಂಚಿನ ಮಗು ಚಿತ್ರವನ್ನಷ್ಟೇ ನೋಡುತ್ತದೆ. ದೊಡ್ಡ ಪರದೆಗೆ ಹಣ ಹೊಂದಿಸುವ ಆಡಳಿತ ಮಂಡಳಿಗಳು ಒಳ್ಳೆಯ ಸ್ಪೀಕರಿನ ವಿಷಯದಲ್ಲಿ ಜಿಪುಣತನ ತೋರಿಸುವುದೇಕೆ? ಪರದೆ ಪ್ರವೇಶದ ಕರಪತ್ರದಲ್ಲಿ ಅಚ್ಚಾಗುತ್ತದೆ, ಧ್ವನಿ ಅಚ್ಚಾಗುವುದಿಲ್ಲ.

ಮೂರನೆಯದಾಗಿ, ನಿಲುಗಡೆ ಇಲ್ಲದ ಪ್ರವಾಹ. ನಲವತ್ತು ನಿಮಿಷದ ಅವಧಿಯಲ್ಲಿ ಮೂವತ್ತು ನಿಮಿಷ ವಿಡಿಯೊ ಓಡುತ್ತದೆ. ಕೊನೆಗೆ 'ಅರ್ಥವಾಯಿತೇ?' ಎಂಬ ಪ್ರಶ್ನೆ, 'ಆಯಿತು' ಎಂಬ ಒಕ್ಕೊರಲಿನ ಉತ್ತರ. ಇದು ಶಿಕ್ಷಕರಿಗೆ ವಿಶ್ರಾಂತಿ, ಮಕ್ಕಳಿಗೆ ಮನರಂಜನೆ. ಕೇಳು ಎಂಬ ಪದದ ಎರಡನೆಯ ಅರ್ಥವಾದ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

ನಾಲ್ಕನೆಯದಾಗಿ, ಭಾಷೆ. ಮಹಾನಗರದಲ್ಲಿ ಸಿದ್ಧವಾದ ವಿಡಿಯೊ ಮಹಾನಗರದ ವೇಗದಲ್ಲಿ, ಮಹಾನಗರದ ಉಚ್ಚಾರದಲ್ಲಿ ಮಾತನಾಡುತ್ತದೆ. ಅದನ್ನು ನಮ್ಮ ಮಕ್ಕಳು ಕೇಳಲೇಬಾರದೆಂದಲ್ಲ. ಅಲ್ಲಿಗೆ ತಲುಪಲು ಮೆಟ್ಟಿಲುಗಳು ಬೇಕು. ಊರ ಮಾತಿನಿಂದ ಪುಸ್ತಕದ ಮಾತಿಗೆ, ಅಲ್ಲಿಂದ ಇಂಗ್ಲಿಷಿಗೆ ಮಗುವನ್ನು ಕೈಹಿಡಿದು ಹತ್ತಿಸುವವರು ಶಿಕ್ಷಕರಲ್ಲದೆ ಬೇರಾರೂ ಅಲ್ಲ.

ಬಡ ರೇಡಿಯೊ ಕಲಿಸಿದ ಪಾಠ

ಯಾವ ಚಿತ್ರವೂ ಇಲ್ಲದ ರೇಡಿಯೊ ಈ ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಿದೆ. 1980ರ ದಶಕದ ಆರಂಭದಲ್ಲಿ ಆಫ್ರಿಕದ ಕೀನ್ಯಾ ದೇಶದಲ್ಲಿ ಒಂದರಿಂದ ಮೂರನೆಯ ತರಗತಿಯ ಗ್ರಾಮೀಣ ಮಕ್ಕಳಿಗೆ ರೇಡಿಯೊದಿಂದ ಇಂಗ್ಲಿಷ್ ಕಲಿಸುವ ಯೋಜನೆ ನಡೆಯಿತು. ಅದರ ಗುಟ್ಟು ಬಹಳ ಸರಳ. ರೇಡಿಯೊದ ಧ್ವನಿ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳು ಉತ್ತರಿಸಬೇಕು, ಎದ್ದು ನಿಲ್ಲಬೇಕು, ಹಾಡಬೇಕು, ವಸ್ತುವನ್ನು ತೋರಿಸಬೇಕು. ಕೆಲವು ಕ್ಷಣಗಳ ಬಳಿಕ ಧ್ವನಿ ಸರಿಯುತ್ತರವನ್ನು ಹೇಳಿ ಮುಂದುವರಿಯುತ್ತಿತ್ತು. ಹೀಗೆ ಕಲಿತ ಮಕ್ಕಳು ಇಂಗ್ಲಿಷನ್ನು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಇತರ ಶಾಲೆಗಳ ಮಕ್ಕಳಿಗಿಂತ ಮುಂದಿದ್ದರು. ಕಿವಿಗೆ ಕೆಲಸ ಕೊಟ್ಟದ್ದು ಆ ಮೌನ.

ನಮ್ಮಲ್ಲಿಯೂ 2000ದ ದಶಕದಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಆಕಾಶವಾಣಿಯ ಮೂಲಕ 'ಕೇಳಿ ಕಲಿ', 'ಚಿನ್ನರ ಚುಕ್ಕಿ', 'ಚುಕ್ಕಿ ಚಿನ್ನ' ಎಂಬ ಪಾಠಮಾಲೆಗಳನ್ನು ಶಾಲೆಗಳಿಗೆ ತಲುಪಿಸಿತು. ಆ ಹೆಸರುಗಳು ಇಂದಿಗೂ ಅನೇಕ ಶಿಕ್ಷಕರ ನೆನಪಿನಲ್ಲಿವೆ. 'ಕೇಳಿ ಕಲಿ' ಎಂಬ ಹೆಸರಿನಲ್ಲಿಯೇ ಒಂದು ಶಿಕ್ಷಣ ನೀತಿ ಇದೆ. ಸ್ಮಾರ್ಟ್ ಬೋರ್ಡಿನ ಬೆಳಕು ಬಂದಮೇಲೆ ಆ ನೀತಿಯನ್ನು ಹಳೆಯ ರೇಡಿಯೊ ಪೆಟ್ಟಿಗೆಯೊಂದಿಗೆ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಯಾವ ಪ್ರಗತಿ?

ಮೂರು ಆಕ್ಷೇಪಗಳು

'ಪಠ್ಯ ಮುಗಿಸುವುದೇ ಕಷ್ಟ, ಆಲಿಸುವುದಕ್ಕೆ ಸಮಯವೆಲ್ಲಿ?' ಎಂದು ಶಿಕ್ಷಕರು ಕೇಳಬಹುದು. ಅವರ ಒತ್ತಡ ಸುಳ್ಳಲ್ಲ. ಆದರೆ ಅರ್ಥವಾಗದ ಪಾಠವನ್ನು ಮುಗಿಸಿದರೆಷ್ಟು, ಬಿಟ್ಟರೆಷ್ಟು? ವಾರದಲ್ಲಿ ಎರಡು ಬಾರಿ ಹದಿನೈದು ನಿಮಿಷ ಆಲಿಸುವುದಕ್ಕೆ ಮೀಸಲಿಟ್ಟರೆ ಉಳಿದ ಅವಧಿಗಳಲ್ಲಿ ಅದೇ ಮಾತನ್ನು ಮೂರು ಬಾರಿ ಹೇಳುವ ಶ್ರಮ ತಪ್ಪುತ್ತದೆ.

'ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ' ಎಂಬುದು ಎರಡನೆಯ ಆಕ್ಷೇಪ. ಇದೇ ಎಲ್ಲಕ್ಕಿಂತ ಪ್ರಬಲವಾದುದು. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಅಂಕಗಳು ಲಿಖಿತ ಉತ್ತರಕ್ಕೆ ಸಲ್ಲುತ್ತವೆ. ಹತ್ತು ವರ್ಷ ಭಾಷೆ ಕಲಿತ ವಿದ್ಯಾರ್ಥಿ ಒಂದು ಮಾತನ್ನು ಕೇಳಿ ಗ್ರಹಿಸಬಲ್ಲನೇ ಎಂದು ಆ ಲಿಖಿತ ಪರೀಕ್ಷೆ ಕೇಳುವುದಿಲ್ಲ. ಉಳಿದ 25 ಅಂಕಗಳು ಶಾಲೆಯ ಕೈಯಲ್ಲಿಯೇ ಇವೆ. ಆಂತರಿಕ ಮೌಲ್ಯಮಾಪನದ ಆ ಅಂಕಗಳಲ್ಲಿ ಐದನ್ನಾದರೂ ನಿಜವಾದ ಆಲಿಸುವಿಕೆಗೆ ಮೀಸಲಿಡಲು ಯಾವ ಉಪಗ್ರಹವೂ ಬೇಕಿಲ್ಲ, ಮನಸ್ಸು ಸಾಕು. ಆ ಅಂಕಗಳನ್ನು ಕಣ್ಣುಮುಚ್ಚಿ ಹಂಚುವ ಅಭ್ಯಾಸವಿರುವಲ್ಲಿ ಅದನ್ನು ಬಿಡಬೇಕು. ಅಷ್ಟೇ.

'ಪಾಲಕರು ಪರದೆಯನ್ನೇ ಬಯಸುತ್ತಾರೆ' ಎಂದು ಆಡಳಿತ ಮಂಡಳಿಗಳು ಹೇಳುತ್ತವೆ. ಈ ಆಕ್ಷೇಪ ನಮ್ಮ ಮೇಲೆಯೇ ಬಂದು ನಿಲ್ಲುತ್ತದೆ. ಸ್ಮಾರ್ಟ್ ಕ್ಲಾಸ್ ಇದೆಯೇ ಎಂದು ವಿಚಾರಿಸಿ ಮಗುವನ್ನು ಸೇರಿಸುವ ನಾವು, ಅಲ್ಲಿ ಏನು ನಡೆಯುತ್ತದೆಂದು ಎಂದಾದರೂ ವಿಚಾರಿಸಿದ್ದೇವೆಯೇ? ನಮ್ಮ ಧರ್ಮಕೇಂದ್ರಗಳ ಶಾಲೆಗಳೂ ಈ ಪೈಪೋಟಿಗೆ ಹೊರತಲ್ಲ. ಪಾಲಕರ ಪ್ರಶ್ನೆ ಬದಲಾದಂದು ಶಾಲೆಯ ಉತ್ತರವೂ ಬದಲಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು?

ಮೂರು ನಿಮಿಷ ಮೀರದ ಒಂದು ಧ್ವನಿಮುದ್ರಣವನ್ನೋ ವಿಡಿಯೊ ತುಣುಕನ್ನೋ ಶಿಕ್ಷಕರು ಆರಿಸಿಕೊಳ್ಳಲಿ. ಕೇಳಿಸುವ ಮೊದಲು ಎರಡು ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆಯಲಿ. ಏನನ್ನು ಹುಡುಕಬೇಕೆಂದು ತಿಳಿದ ಕಿವಿ ಮಾತ್ರ ಹುಡುಕುತ್ತದೆ. ಮೊದಲ ಬಾರಿ ಪರದೆಯನ್ನು ಒಂದು ಬಟ್ಟೆಯಿಂದ ಮುಚ್ಚಿ ಧ್ವನಿಯನ್ನಷ್ಟೇ ಕೇಳಿಸಲಿ. ಮಕ್ಕಳು ಇಬ್ಬಿಬ್ಬರಾಗಿ ತಮಗೆ ತಿಳಿದುದನ್ನು ತಮ್ಮ ಮನೆಮಾತಿನಲ್ಲಿಯೇ ಹೇಳಿಕೊಳ್ಳಲಿ, ಅದಕ್ಕೆ ಗದರಬೇಕಾಗಿಲ್ಲ. ಎರಡನೆಯ ಬಾರಿ ನಡುನಡುವೆ ನಿಲ್ಲಿಸಿ, 'ಮುಂದೇನಾದೀತು?' ಎಂದು ಕೇಳಲಿ. ಮೂರನೆಯ ಬಾರಿ ಬಟ್ಟೆ ಸರಿಸಿ ಚಿತ್ರ ತೋರಿಸಲಿ. ತಾನು ಕಿವಿಯಿಂದ ಕಟ್ಟಿಕೊಂಡ ಚಿತ್ರಕ್ಕೂ ಪರದೆಯ ಚಿತ್ರಕ್ಕೂ ಮಗು ತಾನೇ ತಾಳೆ ಹಾಕುತ್ತದೆ. ಬರೆದ ಸಾಲುಗಳಿದ್ದರೆ ಅವುಗಳನ್ನು ಕೊನೆಗೆ ತೋರಿಸಲಿ; ಮೊದಲೇ ತೋರಿಸಿದರೆ ಅದು ಓದುವ ಪಾಠವಾಗುತ್ತದೆ. ಇಷ್ಟಕ್ಕೆ ಸ್ಮಾರ್ಟ್ ಬೋರ್ಡ್ ಇಲ್ಲದಿದ್ದರೂ ನಡೆಯುತ್ತದೆ. ಶಿಕ್ಷಕರ ಜೇಬಿನಲ್ಲಿರುವ ಮೊಬೈಲೂ ತರಗತಿಯ ನಡುವೆ ಇಡುವ ಒಂದು ಸಾಧಾರಣ ಸ್ಪೀಕರೂ ಸಾಕು. ವಿದ್ಯುತ್ ಕೈಕೊಟ್ಟ ದಿನವೂ ಪಾಠ ನಿಲ್ಲುವುದಿಲ್ಲ.

ಏನನ್ನು ಕೇಳಿಸಬೇಕು? ಹೊರಗಿನದನ್ನು ಕೊಳ್ಳುವ ಮೊದಲು ಸುತ್ತಮುತ್ತಲಿನದನ್ನು ಮುದ್ರಿಸಿಕೊಳ್ಳೋಣ. ಕೃಷ್ಣೆಯ ದಂಡೆಯ ಅಂಬಿಗನೊಬ್ಬ ಪ್ರವಾಹದಲ್ಲಿ ತೆಪ್ಪ ನಡೆಸುವ ಬಗೆಯನ್ನು ವಿವರಿಸಲಿ. ಹಿರಿಯಜ್ಜಿ ಒಬ್ಬಳು ಬರಗಾಲದ ವರ್ಷದ ಕಥೆ ಹೇಳಲಿ. ಬಸ್ ನಿಲ್ದಾಣದ ಪ್ರಕಟಣೆ, ಆಕಾಶವಾಣಿಯ ವಾರ್ತೆ, ದಾಸರ ಪದ, ತತ್ವಪದ, ನಮ್ಮ ಭಕ್ತಿಗೀತೆ ಎಲ್ಲವೂ ಪಠ್ಯವೇ. ಊರ ಮಾತಿನಿಂದ ಆರಂಭಿಸಿ, ವಾರ್ತೆಯ ಕನ್ನಡಕ್ಕೆ ಏರಿ, ಬಳಿಕ ನಿಧಾನಗತಿಯ ಇಂಗ್ಲಿಷಿಗೆ ಹೋದರೆ ಆ ಮೆಟ್ಟಿಲುಗಳು ತಾವಾಗಿಯೇ ಸಿದ್ಧವಾಗುತ್ತವೆ.

ಇನ್ನೊಂದು ಮಾತು. 'ಎಷ್ಟು ಹೇಳಿದರೂ ಕೇಳುವುದಿಲ್ಲ' ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ನಿಜವಾಗಿಯೂ ಕೇಳಿಸುತ್ತಿರುವುದಿಲ್ಲ. ಕಿವಿ ಸೋರುವುದನ್ನು 'ದೊಡ್ಡವನಾದರೆ ಹೋಗುತ್ತದೆ' ಎಂದು ಬಿಟ್ಟುಬಿಡುವ ಮನೆಗಳು ನಮ್ಮಲ್ಲಿವೆ. ಅದು ಶ್ರವಣಶಕ್ತಿಯನ್ನೇ ಕುಂದಿಸಬಹುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಶ್ರವಣದೋಷದ ತಪಾಸಣೆಯೂ ಸೇರಿದೆ. ಶಾಲೆಗೆ ವೈದ್ಯ ತಂಡ ಬಂದ ದಿನ ಮಗು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು ಪಾಲಕರ ಹೊಣೆ. ಕಿವಿಯನ್ನೇ ಪರೀಕ್ಷಿಸದೆ ಯಾವ ಮಾಧ್ಯಮ ತಂದರೇನು?

ಮನೆಯ ಪಾಲು

ಶಾಲೆಯೊಂದನ್ನೇ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಊಟದ ಹೊತ್ತಿನಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಿರಿಸುವ ತಂದೆ-ತಾಯಿಯರು ಅದರ ಕಿವಿಯನ್ನೂ ಸುಮ್ಮನಿರಿಸುತ್ತಿದ್ದಾರೆ. ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ತುಣುಕುಗಳಿಗೆ ಒಗ್ಗಿದ ಮಗು ಐದು ನಿಮಿಷದ ಮಾತನ್ನು ತಾಳಲಾರದು. ರಾತ್ರಿ ಒಂದು ಕಥೆಯನ್ನು ಬಾಯಿಂದ ಹೇಳಿ, ಅರ್ಧಕ್ಕೆ ನಿಲ್ಲಿಸಿ, 'ಮುಂದೇನು, ಹೇಳು ನೋಡೋಣ' ಎನ್ನಿ. ಭಾನುವಾರದ ಪೂಜೆಯಿಂದ ಮರಳುವ ದಾರಿಯಲ್ಲಿ 'ಇಂದಿನ ವಾಚನದಲ್ಲಿ ಏನು ಕೇಳಿದೆ?' ಎಂದು ವಿಚಾರಿಸಿ; ಉತ್ತರ ತಪ್ಪಿದರೆ ಗದರಬೇಡಿ, ನೀವು ಕೇಳಿದ್ದನ್ನು ಹೇಳಿ. ಕೇಳಿಸಿಕೊಳ್ಳುವ ಹಿರಿಯರಿರುವ ಮನೆಯಲ್ಲಿ ಮಗುವೂ ಕೇಳಿಸಿಕೊಳ್ಳುತ್ತದೆ.

ಇದು ಅಂಕಗಳ ಮಾತಷ್ಟೇ ಅಲ್ಲ. ನಾಳೆ ಇದೇ ಮಕ್ಕಳು ಆಸ್ಪತ್ರೆಯಲ್ಲಿ ಔಷಧಿಯ ಸೂಚನೆಯನ್ನು, ಬ್ಯಾಂಕಿನಲ್ಲಿ ಸಾಲದ ಷರತ್ತನ್ನು, ಚುನಾವಣೆಯಲ್ಲಿ ನಾಯಕರ ಭರವಸೆಯನ್ನು ಕಿವಿಯಿಂದಲೇ ಅಳೆಯಬೇಕು. ಮೊಬೈಲಿಗೆ ಬರುವ ಸುಳ್ಳು ವಿಡಿಯೊವನ್ನು ಕಣ್ಣು ನಂಬಿಬಿಡುತ್ತದೆ. 'ಇವನು ಹೇಳುತ್ತಿರುವುದೇನು, ಹೇಳದೆ ಬಿಟ್ಟಿರುವುದೇನು?' ಎಂದು ಕೇಳುವವನು ಮಾತ್ರ ಮೋಸ ಹೋಗದೆ ಉಳಿಯುತ್ತಾನೆ. ಆಲಿಸಲು ಬಾರದವನು ಯಾರು ಬೇಕಾದರೂ ಆಳಬಹುದಾದ ಪ್ರಜೆ.

ಪ್ರಿಯ ಪಾಲಕರೇ, ಮುಂದಿನ ಪಾಲಕರ ಸಭೆಗೆ ಹೋದಾಗ ಪರದೆ ಎಷ್ಟು ಅಂಗುಲದ್ದೆಂದು ಕೇಳಬೇಡಿ. ಹಿಂದಿನ ಬೆಂಚಿಗೆ ಧ್ವನಿ ತಲುಪುತ್ತದೆಯೇ? ವಿಡಿಯೊವನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತೀರಾ? ನನ್ನ ಮಗು ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲದೇ? ಈ ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ.